ಸ್ಟಿಕರ್ ಬಿಡಿ, ಕಂಪ್ಯೂಟರನ್ನೇ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು. ಡೆಸ್ಕ್‌ಟಾಪ್ ಒಳಗೆ ಏನಿದೆ, ಅದು ಸರಿ ಇದೆಯಾ, ಮಾರಿದವರು ಹೇಳಿದ್ದು ನಿಜವಾ ಅಂತ ಸ್ಕ್ರೂ ಬಿಚ್ಚದೆ ತಿಳಿಯೋದು ಹೇಗೆ? ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾ ಬಂದವನು ನಾನು. ಅಂಗಡಿಗೆ ಬರುವ ಎಷ್ಟೋ ಜನಕ್ಕೆ ತಮ್ಮ ಕಂಪ್ಯೂಟರಿನಲ್ಲಿ ಯಾವ ಪ್ರೊಸೆಸರ್ ಇದೆ ಅನ್ನೋದೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕಾರಣಕ್ಕೆ ಬೇಡದ ಪಾರ್ಟ್ ಹಾಕಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಅದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಹಾಗಾಗಿ ಈ ಬಾರಿ ಇದೇ ವಿಷಯದ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಗಳ ಡಿಗ್ರಿ ಓದಿಗೆ ಅಂತ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಂದೆ. ‘ಐ7 ಪ್ರೊಸೆಸರ್, 16 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್’ ಅಂದಿದ್ದರು. ಆನ್ ಆಗೋಕೆ ಮೂರು ನಾಲ್ಕು ನಿಮಿಷ ಬೇಕು. ಪರಿಚಯದ ಹುಡುಗ ಸಿಪಿಯು-ಜೆಡ್ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿದ. ಐ7-2600 ಅಂತ ಬಂತು. 3.4 ಗಿಗಾಹರ್ಟ್ಸ್ ಇರಬೇಕಾದ ಕಡೆ 1600 ಮೆಗಾಹರ್ಟ್ಸ್ ತೋರಿಸುತ್ತಿದೆ. ರ್‍ಯಾಮ್ ಸ್ಪೀಡ್ 1333 ಅಂದಿದ್ದರು, ಇಲ್ಲಿ 665 ಇದೆ. ಹಾರ್ಡ್ ಡಿಸ್ಕ್ 931 ಜಿಬಿ ಮಾತ್ರ. ಎಲ್ಲದರಲ್ಲೂ ಮೋಸ ಆಗಿದೆಯಾ?
— ಗಂಗಾವತಿಯ ಓದುಗರು

ಉತ್ತರ: ಇಲ್ಲ. ನೀವು ಬರೆದ ಮೂರೂ ಸಂಖ್ಯೆ ಸರಿಯಾಗಿಯೇ ಇವೆ. ಗಾಬರಿ ಬೇಡ.

ಮೊದಲು 1600. ಕೆಲಸ ಇಲ್ಲದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಂಡು ಕರೆಂಟ್ ಉಳಿಸುತ್ತದೆ. ಸಿಪಿಯು-ಜೆಡ್ ಕಿಟಕಿ ತೆರೆದಿಟ್ಟುಕೊಂಡೇ ಒಂದು ದೊಡ್ಡ ಫೈಲ್ ಜಿಪ್ ಮಾಡಿ ನೋಡಿ, ಅದೇ ಸಂಖ್ಯೆ 3400 ದಾಟುತ್ತದೆ. ಇನ್ನು 665. ನಿಮ್ಮದು ಡಿಡಿಆರ್3 ರ್‍ಯಾಮ್. ಡಿಡಿಆರ್ ಅಂದರೆ ಒಂದು ಬಡಿತಕ್ಕೆ ಎರಡು ಸಲ ಡೇಟಾ ಸಾಗಿಸುವಂಥದ್ದು. ಸಿಪಿಯು-ಜೆಡ್ ತೋರಿಸೋದು ಬಡಿತದ ಲೆಕ್ಕ, ಪ್ಯಾಕೆಟ್ ಮೇಲೆ ಬರೆಯೋದು ಅದರ ಎರಡರಷ್ಟು. 665ನ್ನು ಎರಡರಿಂದ ಗುಣಿಸಿ, ಹೆಚ್ಚುಕಮ್ಮಿ 1333 ಬರುತ್ತದೆ ಅಲ್ವಾ? ಇದೇ ರೀತಿ ಹೊಸ ಡಿಡಿಆರ್4 3200 ರ್‍ಯಾಮ್ ಇದ್ದರೆ ಅಲ್ಲಿ 1600ರ ಹತ್ತಿರ ಕಾಣುತ್ತದೆ. 931ರ ಕಥೆಯೂ ಲೆಕ್ಕದ್ದೇ. ಹಾರ್ಡ್ ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. 1 ಟಿಬಿ ಅಂದರೆ 931, 500 ಜಿಬಿ ಅಂದರೆ 465. ಲೆಕ್ಕ ಬರೆಯುವವರು ನೀವು, ಇದು ಸೇರಿಗೂ ಕಿಲೋಗೂ ಇರುವ ವ್ಯತ್ಯಾಸದ ಹಾಗೆ ಅಂದರೆ ತಕ್ಷಣ ತಿಳಿಯುತ್ತದೆ.

ಹಾಗಾದರೆ ನಿಧಾನ ಯಾಕೆ? ಇಲ್ಲಿ ಮಾರಿದವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು. ‘ಐ7’ ಅಂದರಷ್ಟೇ ಸಾಲದು. ಅಡ್ಡಗೆರೆಯ ಮುಂದಿನ ಸಂಖ್ಯೆ ನೋಡಬೇಕು. ನಾಲ್ಕು ಅಂಕಿ ಇದ್ದರೆ ಮೊದಲ ಅಂಕಿ ತಲೆಮಾರು. 2600 ಅಂದರೆ ಎರಡನೇ ತಲೆಮಾರು, 2011ರಲ್ಲಿ ಬಂದದ್ದು. ಐದು ಅಂಕಿ ಇದ್ದರೆ ಮೊದಲ ಎರಡು ಅಂಕಿ. ಐ3-10100 ಅಂದರೆ ಹತ್ತನೇ ತಲೆಮಾರು, 2020ರದ್ದು. ಬರೀ ಮೂರು ಅಂಕಿ, ಉದಾಹರಣೆಗೆ ಐ5-650 ಅಂತಿದ್ದರೆ ಅದು ಮೊದಲನೇ ತಲೆಮಾರು. ಆ ಐ5-650ರ ಒಳಗಿರೋದು ಎರಡೇ ಕೋರ್, ಅಂದರೆ ಕೆಲಸ ಮಾಡುವ ಘಟಕ. ನಿಮ್ಮ ಐ7ನಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ) ಇವೆ. ಆ ಐ3ನಲ್ಲೂ ಅಷ್ಟೇ ಇವೆ. ಆದರೂ ಕೆಲಸದಲ್ಲಿ ಆ ಐ3 ನಿಮ್ಮ ಐ7ಗಿಂತ ಮುಂದೆ. ಕ್ಯಾಬಿನೆಟ್ ಮೇಲಿನ ಸ್ಟಿಕರ್ ಈ ತಲೆಮಾರಿನ ವಿಷಯ ಹೇಳಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಜಾಸ್ತಿ ಎಡವೋದು ಇಲ್ಲೇ.

ಹಾಗಂತ ನಿಮ್ಮ ಮಗಳ ಕೆಲಸಕ್ಕೆ ಈ ಪ್ರೊಸೆಸರ್ ಸಾಲದು ಅಂತೇನೂ ಅಲ್ಲ. ಮೂರು ನಿಮಿಷ ಕಾಯಿಸುತ್ತಿರುವುದು ಹಾರ್ಡ್ ಡಿಸ್ಕ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್‌ಗೆ ಹೋಗಿ. ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ ಅಂತಿರುತ್ತದೆ, ಆನ್ ಆದ ಹೊಸದರಲ್ಲಿ ಅದು 100 ಪರ್ಸೆಂಟ್‌ಗೆ ಅಂಟಿಕೊಂಡು ಕೂತಿರುತ್ತದೆ. ತಿರುಗುವ ತಟ್ಟೆಯ ಮೇಲೆ ಸಣ್ಣ ತೋಳು ಅತ್ತಿತ್ತ ಓಡಾಡಿ ಒಂದೊಂದು ಫೈಲ್ ಹುಡುಕಬೇಕು. ಎಸ್‌ಎಸ್‌ಡಿ ಅಂದರೆ ಚಿಪ್‌ಗಳಲ್ಲೇ ಫೈಲ್ ಇಡುವ ಡಿಸ್ಕ್, ಅದರಲ್ಲಿ ಓಡಾಡುವ ಭಾಗವೇ ಇಲ್ಲ. ಒಂದು ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನಂಥದ್ದೇ ಕೇಬಲ್‌ಗೆ ಕೂರುವಂಥದ್ದು) ಹಾಕಿಸಿ, ವಿಂಡೋಸ್ ಅದರ ಮೇಲೆ ಹಾಕಿಸಿ, ಹಳೇ 1 ಟಿಬಿ ಡಿಸ್ಕನ್ನು ಫೈಲ್ ಇಡಲು ಬಿಡಿ. ಒಂದು ಮಾತು. ಸಿಪಿಯು-ಜೆಡ್‌ನ ಮೇನ್‌ಬೋರ್ಡ್ ಟ್ಯಾಬ್ ತೆರೆದು ಚಿಪ್‌ಸೆಟ್, ಅಂದರೆ ಬೋರ್ಡಿನ ಮುಖ್ಯ ಚಿಪ್, ಯಾವುದು ನೋಡಿ. ಎಚ್61 ಅಂತಿದ್ದರೆ ಸಾಟಾ ವೇಗ ಸೆಕೆಂಡಿಗೆ 3 ಗಿಗಾಬಿಟ್‌ಗೆ ನಿಲ್ಲುತ್ತದೆ. ಹಾಗಾಗಿ ದುಬಾರಿ ಎಸ್‌ಎಸ್‌ಡಿ ತಂದರೂ ಪೂರ್ತಿ ವೇಗ ಸಿಗಲ್ಲ, ಸಾಧಾರಣ ಬೆಲೆಯ ಒಳ್ಳೆ ಕಂಪನಿಯದ್ದೇ ಸಾಕು. ಅದೇ ಬೋರ್ಡ್‌ಗೆ 16 ಜಿಬಿಗಿಂತ ಜಾಸ್ತಿ ರ್‍ಯಾಮ್ ಹಿಡಿಯೋದೂ ಇಲ್ಲ. ಯಾರಾದರೂ ರ್‍ಯಾಮ್ ಜಾಸ್ತಿ ಮಾಡಿಸಿ ಅಂದರೆ ಬೇಡ ಅನ್ನಿ.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿರುವ ಅಬೌಟ್ ಪುಟದಲ್ಲಿ ಕಾಣುವ ಪ್ರೊಸೆಸರ್ ಹೆಸರು ರಿಜಿಸ್ಟ್ರಿಯಿಂದ, ಅಂದರೆ ವಿಂಡೋಸ್ ತನ್ನ ವಿವರ ಬರೆದಿಟ್ಟುಕೊಳ್ಳುವ ಕಡತದಿಂದ, ಬರುತ್ತದೆ, ಅದನ್ನು ತಿದ್ದಬಹುದು. ತಿದ್ದಿ ಮಾರುವವರೂ ಇದ್ದಾರೆ. ಸಿಪಿಯು-ಜೆಡ್ ಹಾಗಲ್ಲ, ನೇರವಾಗಿ ಪ್ರೊಸೆಸರನ್ನೇ ‘ನೀನು ಯಾರು’ ಅಂತ ಕೇಳುತ್ತದೆ. ಹಾಗೆ ಕೇಳುವ ಸಿಪಿಯುಐಡಿ ಅನ್ನೋ ಆದೇಶ ಇಂಟೆಲ್ ಚಿಪ್‌ಗಳಲ್ಲಿ 1993ರಿಂದ ಇದೆ. ಉತ್ತರ ಚಿಪ್‌ನ ಒಳಗಿಂದಲೇ ಬರುತ್ತದೆ. ರ್‍ಯಾಮ್ ವಿಷಯದಲ್ಲೂ ಹಾಗೇ. ಪ್ರತಿ ರ್‍ಯಾಮ್ ಕಡ್ಡಿಯ ಮೇಲೂ ಒಂದು ಪುಟ್ಟ ಚಿಪ್ ಇರುತ್ತದೆ, ಅದರಲ್ಲಿ ಕಂಪನಿ, ಅಳತೆ, ವೇಗ ಬರೆದಿರುತ್ತಾರೆ. ಸಿಪಿಯು-ಜೆಡ್‌ನ ಎಸ್‌ಪಿಡಿ ಟ್ಯಾಬ್ ಅದನ್ನೇ ಓದೋದು. ಎಷ್ಟೋ ಸಲ ಯಾವ ವರ್ಷದ ಎಷ್ಟನೇ ವಾರದಲ್ಲಿ ತಯಾರಾಯಿತು ಅನ್ನೋದೂ ಅಲ್ಲಿರುತ್ತದೆ. ‘ಹೊಸ ರ್‍ಯಾಮ್ ಹಾಕಿದ್ದೀವಿ’ ಅಂದವರ ಮಾತು ಪರೀಕ್ಷೆ ಮಾಡೋಕೆ ಇದಕ್ಕಿಂತ ಸುಲಭ ದಾರಿ ನನಗೆ ಗೊತ್ತಿಲ್ಲ.

ಸಾಫ್ಟ್‌ವೇರನ್ನು ಮಾಡಿದವರ ಸೈಟಿನಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ದೊಡ್ಡ ಹಸಿರು ಬಟನ್ ಒತ್ತಬೇಡಿ, ಅದರ ಹಿಂದೆ ಬೇರೆ ಏನೋ ಬರುತ್ತದೆ. ಸಿಪಿಯು-ಜೆಡ್‌ಗೆ ಇನ್‌ಸ್ಟಾಲ್ ಬೇಕಿಲ್ಲದ ಜಿಪ್ ರೂಪವೂ ಇದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಅಂಗಡಿಗೇ ಹೋಗಿ. ‘ಐದು ನಿಮಿಷ ನೋಡ್ತೀನಿ’ ಅಂತ ಕೇಳಿ. ನೇರವಾಗಿ ವ್ಯಾಪಾರ ಮಾಡುವವರು ಬೇಡ ಅನ್ನಲ್ಲ.

ಪ್ರಶ್ನೆ: ನಮ್ಮದು ಹತ್ತಿ ಜಿನ್ನಿಂಗ್ ಮಿಲ್. ಆಫೀಸಿನ ಕಂಪ್ಯೂಟರ್ ಬೆಳಿಗ್ಗೆ ಚೆನ್ನಾಗಿ ನಡೆಯುತ್ತದೆ. ಮಧ್ಯಾಹ್ನ ಹನ್ನೆರಡರ ಮೇಲೆ ಬಿಲ್ ಹೊಡೆಯೋಕೆ ಕೂತರೆ ಹ್ಯಾಂಗ್, ಕೆಲವು ಸಲ ತಾನೇ ಆಫ್. ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆವು. ಹದಿನೈದು ದಿನಕ್ಕೆ ಮತ್ತೆ ಅದೇ ಗೋಳು. ವೈರಸ್ಸಾ?
— ರಾಯಚೂರಿನ ಓದುಗರು

ಉತ್ತರ: ವೈರಸ್ಸಿಗೆ ಗಡಿಯಾರ ಗೊತ್ತಿಲ್ಲ. ಮಧ್ಯಾಹ್ನವೇ ತೊಂದರೆ ಅಂದರೆ ಮೊದಲ ಅನುಮಾನ ಬಿಸಿಯ ಮೇಲೆ. ಅದನ್ನು ಊಹೆ ಮಾಡಬೇಕಿಲ್ಲ, ಅಳೆಯಬಹುದು.

ಎಚ್‌ಡಬ್ಲ್ಯೂ ಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ. ಶುರುವಿನಲ್ಲೇ ‘ಸೆನ್ಸರ್ಸ್ ಓನ್ಲಿ’ ಅಂತ ಒಂದು ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಉದ್ದದ ಪಟ್ಟಿ ಬರುತ್ತದೆ, ಹೆದರಬೇಡಿ. ನಿಮಗೆ ಬೇಕಾದ್ದು ಎರಡೇ ಸಾಲು. ಒಂದು, ಪ್ರೊಸೆಸರ್ ಕೋರ್‌ಗಳ ಟೆಂಪರೇಚರ್. ಇನ್ನೊಂದು, ‘ಥರ್ಮಲ್ ಥ್ರಾಟ್ಲಿಂಗ್’ ಅನ್ನೋ ಸಾಲು, ಅಲ್ಲಿ ಎಸ್ ಅಥವಾ ನೋ ಇರುತ್ತದೆ. ಪ್ರತಿ ಸಾಲಿಗೂ ಈಗಿನದ್ದು, ಕನಿಷ್ಠ, ಗರಿಷ್ಠ, ಸರಾಸರಿ ಅಂತ ನಾಲ್ಕು ಅಂಕಣ ಇವೆ. ಬೆಳಿಗ್ಗೆ ಆಫೀಸ್ ತೆರೆದಾಗಲೇ ಇದನ್ನು ಹಚ್ಚಿಬಿಡಿ, ಪಾಡಿಗೆ ನಡೀತಿರಲಿ, ನೀವು ಕೆಲಸ ಮಾಡಿ, ಹನ್ನೆರಡಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ ಗರಿಷ್ಠದ ಅಂಕಣ ನೋಡಿ ಚೀಟಿಯಲ್ಲಿ ಬರೆದಿಡಿ.

ಇಂಟೆಲ್‌ನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕೊನೆಯ ಗೆರೆ. ಅಲ್ಲಿಗೆ ಮುಟ್ಟಿದ ಕೂಡಲೇ ಪ್ರೊಸೆಸರ್ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಅದೇ ಥ್ರಾಟ್ಲಿಂಗ್. ನಿಮಗೆ ಹ್ಯಾಂಗ್ ಅನ್ನಿಸೋದು ಅದು. ಆಗಲೂ ಬಿಸಿ ಇಳಿಯದಿದ್ದರೆ ಸುಡುವ ಬದಲು ಆಫ್ ಆಗಿಬಿಡುತ್ತದೆ. ರಾಯಚೂರಿನ ಏಪ್ರಿಲ್ ಮೇ ಬಿಸಿಲು ಹೊರಗೆ 40 ಡಿಗ್ರಿ ದಾಟುತ್ತದೆ, ತಗಡಿನ ಛಾವಣಿಯ ಕೆಳಗೆ ಕೇಳೋದೇ ಬೇಡ. ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಆಗಲ್ಲ. ಬೆಳಿಗ್ಗೆ 28 ಡಿಗ್ರಿ ಇದ್ದ ಗಾಳಿ ಮಧ್ಯಾಹ್ನ 40 ಆದರೆ ಪ್ರೊಸೆಸರೂ ಹೆಚ್ಚುಕಮ್ಮಿ ಅಷ್ಟೇ ಮೇಲೇರುತ್ತದೆ. ಸುಮ್ನೆ ಇರುವಾಗ 45ರಿಂದ 55 ಇದ್ದರೆ ನಮ್ಮ ಕಡೆಯ ಬೇಸಿಗೆಗೆ ಚಿಂತೆ ಇಲ್ಲ. ಕೆಲಸ ಮಾಡುವಾಗ 80ರ ತನಕವೂ ನಡೆಯುತ್ತದೆ. ಬರೀ ಬ್ರೌಸರ್ ತೆರೆದದ್ದಕ್ಕೆ 95 ದಾಟಿದರೆ ಮಾತ್ರ ಡಬ್ಬಿ ಬಿಚ್ಚಬೇಕು.

ಬಿಚ್ಚಿದಾಗ ಏನು ಕಾಣುತ್ತದೆ ಅಂತ ನಾನು ಈಗಲೇ ಹೇಳಬಲ್ಲೆ. ಜಿನ್ನಿಂಗ್ ಮಿಲ್ಲಿನ ಕಂಪ್ಯೂಟರ್‌ಗಳನ್ನು ಬಿಚ್ಚಿದ್ದೇನೆ. ಫ್ಯಾನಿನ ಕೆಳಗೆ, ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ, ಹತ್ತಿಯ ನಾರು ಹಾಸಿಗೆಯ ಹಾಗೆ ಕೂತಿರುತ್ತದೆ. ಮೇಲಿಂದ ನೋಡಿದರೆ ಫ್ಯಾನ್ ಚೆನ್ನಾಗಿ ತಿರುಗುತ್ತಿರುತ್ತದೆ, ಕೆಳಗೆ ಗಾಳಿ ಹೋಗುತ್ತಲೇ ಇಲ್ಲ. ಬ್ಲೋವರ್ ಹೊಡೆದರೆ ಆ ಪದರ ಹೋಗಲ್ಲ, ಫ್ಯಾನ್ ಬಿಚ್ಚಿ ಕೈಯಿಂದ ಎತ್ತಿ ತೆಗೆಯಬೇಕು. ಉಳಿದ ಧೂಳಿಗೆ ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದ ಹಾಗೆ ಒಂದು ಪೆನ್ಸಿಲ್ ಅಡ್ಡ ಇಡಿ, ಇಲ್ಲದಿದ್ದರೆ ಅತಿ ವೇಗಕ್ಕೆ ಬೇರಿಂಗ್ ಹಾಳಾಗುತ್ತದೆ. ಕರೆಂಟ್ ವೈರ್ ಕಿತ್ತಿಟ್ಟೇ ಈ ಕೆಲಸ. ಪ್ರೊಸೆಸರಿನ ಬಿಸಿಯನ್ನು ರೆಕ್ಕೆಗಳಿಗೆ ದಾಟಿಸುವ ಹಳೇ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿರುತ್ತದೆ. ಒರೆಸಿ ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿಸಿ, ಜಾಸ್ತಿ ಬೇಡ. ಇಂಟೆಲ್ ಫ್ಯಾನಿಗೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಪಿನ್ ಇರುತ್ತವೆ. ನಾಲ್ಕೂ ‘ಟಕ್’ ಅಂತ ಕೂರಬೇಕು. ಒಂದು ಸಡಿಲ ಇದ್ದರೂ ಕೆಲಸ ಎಲ್ಲ ದಂಡ, ಸ್ವಚ್ಛ ಮಾಡಿಸಿದ ಮೇಲೆ ಬಿಸಿ ಇನ್ನೂ ಜಾಸ್ತಿ ಆಯಿತು ಅಂತ ಬರುವವರದ್ದು ಬಹಳ ಸಲ ಇದೇ ಪಿನ್ನಿನ ಕಥೆ.

ಮಾಡಿಸಿದ ಮೇಲೆ ಮತ್ತೆ ಅದೇ ಹೊತ್ತಿಗೆ ಅದೇ ಎರಡು ಸಾಲು ನೋಡಿ. ಹಳೇ ಚೀಟಿ ಪಕ್ಕ ಇಟ್ಟು ಹೋಲಿಸಿ. ಇಳಿದಿಲ್ಲ ಅಂದರೆ ಮೆಕ್ಯಾನಿಕ್ಕಿಗೆ ಆ ಚೀಟಿ ತೋರಿಸಿ ಮಾತಾಡಿ. ಮೂರನೇ ಸಲ ಫಾರ್ಮ್ಯಾಟ್ ಮಾತ್ರ ಮಾಡಿಸಬೇಡಿ.

ಪ್ರಶ್ನೆ: 8 ಜಿಬಿ ರ್‍ಯಾಮ್ ಹಾಕಿಸಿದ್ದೇನೆ. ಕಂಪ್ಯೂಟರ್ 3.4 ಮಾತ್ರ ಉಪಯೋಗಕ್ಕೆ ಸಿಗುತ್ತದೆ ಅನ್ನುತ್ತದೆ.
— ಮಾನ್ವಿಯ ವಿದ್ಯಾರ್ಥಿನಿ

ಉತ್ತರ: ಅಬೌಟ್ ಪುಟದಲ್ಲಿ ‘ಸಿಸ್ಟಮ್ ಟೈಪ್’ ಸಾಲು ನೋಡಮ್ಮ. 32 ಬಿಟ್ ಅಂತಿರುತ್ತದೆ. ಮನೆಗೆ ಹಾಕುವ 32 ಬಿಟ್ ವಿಂಡೋಸ್ 4 ಜಿಬಿಗಿಂತ ಮೇಲೆ ಎಣಿಸಲ್ಲ. ಫೈಲ್‌ಗಳನ್ನು ಬೇರೆ ಕಡೆ ತೆಗೆದಿಟ್ಟು 64 ಬಿಟ್ ಹಾಕಿಸು. ಆಮೇಲೂ 7.9 ಅಥವಾ 7.8 ಅಂತ ಕಂಡರೆ ತಲೆ ಕೆಡಿಸಿಕೊಳ್ಳಬೇಡ. ಉಳಿದದ್ದನ್ನು ಬೋರ್ಡಿನ ಗ್ರಾಫಿಕ್ಸ್ ತನಗೆ ಅಂತ ಇಟ್ಟುಕೊಂಡಿರುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಫೋಟೋ ಸ್ಟುಡಿಯೋ. ಮದುವೆ ಫೋಟೋಗಳಿರುವ ಹಾರ್ಡ್ ಡಿಸ್ಕ್ ಆಗಾಗ ‘ಕಟಕಟ’ ಅನ್ನುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ನೋಡಿದೆ. ಹಳದಿ ಬಣ್ಣದಲ್ಲಿ ‘ಕಾಶನ್’ ಅಂತಿದೆ. ಸಿ5 ಅನ್ನೋ ಸಾಲಿನ ಕೊನೆಯಲ್ಲಿ 18 ಇದೆ. ಪವರ್ ಆನ್ ಅವರ್ಸ್ 31 ಸಾವಿರ ಚಿಲ್ಲರೆ. ಚೆಕ್ ಡಿಸ್ಕ್ ಹಾಕಿದರೆ ಸರಿ ಹೋಗುತ್ತದಾ ಅಣ್ಣ?
— ಸಿರುಗುಪ್ಪದ ಓದುಗರು

ಉತ್ತರ: ಚೆಕ್ ಡಿಸ್ಕ್ ಹಾಕಬೇಡಿ. ಈ ಸಾಲು ಓದಿದ ಕೂಡಲೇ ಮಾಡಬೇಕಾದ ಕೆಲಸ ಒಂದೇ. ಹೊಸ ಡಿಸ್ಕ್ ತಂದು ಫೋಟೋ ನಕಲು ಮಾಡಿ. ಮಿಕ್ಕಿದ್ದು ಆಮೇಲೆ ಓದಿ.

ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಆ ಲೆಕ್ಕವನ್ನು ಓದಿ ತೋರಿಸುತ್ತದೆ ಅಷ್ಟೇ. ಸಿ5 ಅಂದರೆ ಓದಲು ಹೋಗಿ ಸಿಗದೆ ‘ಆಮೇಲೆ ನೋಡೋಣ’ ಅಂತ ಬಾಕಿ ಇಟ್ಟ ಜಾಗಗಳ ಎಣಿಕೆ. ಅಲ್ಲಿ ಕಾಣುವ 18 ನಿಜಕ್ಕೂ ಹದಿನೆಂಟಲ್ಲ. ಆ ಅಂಕಣ ಹದಿನಾರರ ಲೆಕ್ಕದಲ್ಲಿ ಇರುತ್ತದೆ, ಹಾಗಾಗಿ ಅದು 24. ಫಂಕ್ಷನ್ ಮೆನುವಿನಲ್ಲಿ ಅಡ್ವಾನ್ಸ್ಡ್ ಫೀಚರ್, ಅದರಲ್ಲಿ ರಾ ವ್ಯಾಲ್ಯೂಸ್, ಅಲ್ಲಿ 10ರ ಲೆಕ್ಕ ಆರಿಸಿದರೆ ನಮಗೆ ತಿಳಿಯುವ ಸಂಖ್ಯೆಯೇ ಬರುತ್ತದೆ. 05 ಅನ್ನೋ ಸಾಲು ಹಾಳಾದ ಜಾಗದ ಬದಲಿಗೆ ಮೀಸಲು ಜಾಗ ಕೊಟ್ಟಾಯಿತು ಅನ್ನೋದರ ಎಣಿಕೆ. ಸಿ6 ಇದ್ದರೆ ತಿದ್ದಲಾಗದ್ದು. ಈ ಮೂರೂ ಸೊನ್ನೆ ಇರಬೇಕು. ಒಂದೆರಡು ಬಂದು ವರ್ಷಗಟ್ಟಲೆ ಅಷ್ಟಕ್ಕೇ ನಿಂತ ಡಿಸ್ಕ್‌ಗಳನ್ನೂ ನೋಡಿದ್ದೇನೆ. ಆದರೆ ವಾರದಿಂದ ವಾರಕ್ಕೆ ಏರುತ್ತಿದ್ದರೆ, ಜೊತೆಗೆ ಸದ್ದೂ ಇದ್ದರೆ, ಆ ಡಿಸ್ಕಿನ ಕಾಲ ಮುಗಿಯುತ್ತಾ ಬಂತು ಅಂತಲೇ ಅರ್ಥ.

ನಿಮ್ಮ 31 ಸಾವಿರ ಗಂಟೆಯ ಲೆಕ್ಕ ಹಾಕಿ ನೋಡಿ. ದಿನಕ್ಕೆ ಹತ್ತು ಗಂಟೆ ಅಂದರೆ 3100 ದಿನ, ಎಂಟೂವರೆ ವರ್ಷ. ಡಿಸ್ಕ್ ತನ್ನ ಪಾಲಿನ ದುಡಿಮೆ ದುಡಿದಿದೆ. ಚೆಕ್ ಡಿಸ್ಕ್, ಡಿಫ್ರಾಗ್, ಫಾರ್ಮ್ಯಾಟ್ ಎಲ್ಲವೂ ಅದರ ತೋಳನ್ನು ಗಂಟೆಗಟ್ಟಲೆ ಓಡಾಡಿಸುತ್ತವೆ. ಸಾಯುವ ಸ್ಥಿತಿಯಲ್ಲಿರುವ ಡಿಸ್ಕಿಗೆ ಉಳಿದಿರುವ ಆ ಓಟವನ್ನು ನಿಮ್ಮ ಫೋಟೋಗಳಿಗೆ ಬಳಸಿ. ಮೊದಲು ಇನ್ನೂ ಗಿರಾಕಿಗೆ ಕೊಡದ ಮದುವೆಗಳು, ಆಮೇಲೆ ಹಳೆಯವು. ಒಂದು ಫೋಲ್ಡರ್ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ನಕಲು ಆದ ಮೇಲೂ ಒಂದೇ ಪ್ರತಿ ಇಟ್ಟುಕೊಳ್ಳಬೇಡಿ, ಎರಡನೆಯದು ಬೇರೆ ಮನೆಯಲ್ಲಿರಲಿ. ತಾಳಿ ಕಟ್ಟುವ ಫೋಟೋ ಮತ್ತೆ ತೆಗೆಯೋಕೆ ಬರಲ್ಲ.

ಬೇರೆ ಓದುಗರಿಗೂ ಉಪಯೋಗ ಆಗುವ ಮಾತು: ಬರೀ ಸಿ7 ಸಾಲಿನ ಸಂಖ್ಯೆ ಏರುತ್ತಿದ್ದರೆ ಬಹಳ ಸಲ ಡಿಸ್ಕ್ ಹಾಳಾಗಿರಲ್ಲ, ಸಾಟಾ ಕೇಬಲ್ ಸಡಿಲ ಇರುತ್ತದೆ ಅಥವಾ ಕೆಟ್ಟಿರುತ್ತದೆ. ಡಿಸ್ಕ್ ಬದಲಿಸುವ ಮುಂಚೆ ಕೇಬಲ್ ಬದಲಿಸಿ ನೋಡಿ.

ಪ್ರಶ್ನೆ: ಹಳೇ ಗ್ರಾಫಿಕ್ಸ್ ಕಾರ್ಡ್ ಒಂದು ತೀರಾ ಕಡಿಮೆ ಬೆಲೆಗೆ ಸಿಕ್ಕಿತು. ಜಿಟಿಎಕ್ಸ್ 1050 ಟಿಐ ಅಂತ ಕೊಟ್ಟರು. ಗೇಮ್ ಹಚ್ಚಿದರೆ ಸ್ಕ್ರೀನ್ ಕಪ್ಪಾಗುತ್ತದೆ.
— ಸಿಂಧನೂರಿನ ಓದುಗ

ಉತ್ತರ: ಗ್ರಾಫಿಕ್ಸ್ ಕಾರ್ಡ್ ಪರೀಕ್ಷಿಸುವ ಜಿಪಿಯು-ಜೆಡ್ ಅನ್ನೋ ಸಾಫ್ಟ್‌ವೇರ್ ಹಾಕು ತಮ್ಮಾ. ಹೆಸರಿನ ಮುಂದೆ ‘ಫೇಕ್’ ಅಂತ ಬಂದರೆ ಅಲ್ಲಿಗೆ ತೀರ್ಮಾನ. ಹಳೇ ಜಿಟಿಎಸ್ 450 ಥರದ ಕಾರ್ಡಿನ ಬಯೋಸ್ (ಒಳಗೇ ಬರೆದಿಟ್ಟ ಮೂಲ ಸಾಫ್ಟ್‌ವೇರ್) ತಿದ್ದಿ, ಹೊಸ ಹೆಸರು ಬರೆದು ಮಾರೋದು ವರ್ಷಗಳಿಂದ ನಡೆದಿದೆ. ಅದಕ್ಕೇ ಜಿಪಿಯು-ಜೆಡ್ ಮಾಡಿದವರು 2018ರಲ್ಲಿ ಈ ಪತ್ತೆ ಹಚ್ಚುವ ಸೌಲಭ್ಯ ಸೇರಿಸಿದರು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ಬಯೋಸ್ ಹೇಳಿದ್ದನ್ನೇ ನಂಬುತ್ತದೆ, ಜಿಪಿಯು-ಜೆಡ್ ಚಿಪ್ಪನ್ನೇ ಗುರುತಿಸುತ್ತದೆ. ಆ ಪರದೆಯ ಫೋಟೋ ತೆಗೆದು ಕೊಟ್ಟವರಿಗೆ ತೋರಿಸಿ ದುಡ್ಡು ವಾಪಸ್ ಕೇಳು. ಅಸಲಿ ಅಂತ ಬಂದರೆ ಮಾತ್ರ ಬಿಸಿ, ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ ಕಡೆ ನೋಡೋಣ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಊರಿನ ದಾನಿಗಳೊಬ್ಬರು ಹನ್ನೆರಡು ಹಳೇ ಡೆಸ್ಕ್‌ಟಾಪ್ ಕೊಟ್ಟಿದ್ದಾರೆ. ಎಲ್ಲವೂ ಬೇರೆ ಬೇರೆ ಥರ. ವಿಂಡೋಸ್ 10 ಇದೆ. ಯಾವುದನ್ನು ಇಟ್ಟುಕೊಳ್ಳೋದು, ಯಾವುದರ ಮೇಲೆ ಖರ್ಚು ಮಾಡೋದು ಗೊತ್ತಾಗುತ್ತಿಲ್ಲ.
— ಕುಷ್ಟಗಿ ತಾಲ್ಲೂಕಿನ ಓದುಗರು

ಉತ್ತರ: ಟೀಚರ್, ಈ ಪತ್ರ ಓದಿ ಖುಷಿಯಾಯಿತು. ಒಂದು ದೊಡ್ಡ ನೋಟ್‌ಬುಕ್ ತೆಗೆದುಕೊಳ್ಳಿ, ಪ್ರತಿ ಕಂಪ್ಯೂಟರಿಗೆ ಒಂದು ಪುಟ. ಕ್ಯಾಬಿನೆಟ್ ಮೇಲೆ ಬಣ್ಣದಲ್ಲಿ ಸಂಖ್ಯೆ ಬರೆಯಿರಿ. ಈ ಕೆಲಸವನ್ನು ಒಂಬತ್ತನೇ ತರಗತಿ ಮಕ್ಕಳಿಂದಲೇ ಮಾಡಿಸಿ, ಇಬ್ಬಿಬ್ಬರಿಗೆ ಒಂದೊಂದು ಕಂಪ್ಯೂಟರ್. ಪ್ರೊಸೆಸರ್ ಅಂದರೇನು ಅಂತ ಬೋರ್ಡ್ ಮೇಲೆ ಎಷ್ಟು ಸಲ ಬರೆದರೂ ಬಾರದ ತಿಳಿವಳಿಕೆ, ತಮ್ಮ ಕಂಪ್ಯೂಟರಿನದ್ದನ್ನು ತಾವೇ ಹುಡುಕಿ ಬರೆದಾಗ ಬರುತ್ತದೆ. ಪಕ್ಕದವರದ್ದಕ್ಕಿಂತ ನಮ್ಮದು ಯಾಕೆ ನಿಧಾನ ಅಂತ ಅವರೇ ಕೇಳುತ್ತಾರೆ, ನೋಡಿ.

ಸಾಫ್ಟ್‌ವೇರ್ ಇಳಿಸುವ ಅಗತ್ಯವೂ ಇಲ್ಲ. ಸ್ಟಾರ್ಟ್ ಒತ್ತಿ ‘ಸಿಸ್ಟಮ್ ಇನ್ಫರ್ಮೇಶನ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಪ್ರೊಸೆಸರ್, ಬೋರ್ಡಿನ ಮಾಡೆಲ್, ಬಯೋಸ್ ತಾರೀಖು, ರ್‍ಯಾಮ್ ಎಲ್ಲ ಒಂದೇ ಪುಟದಲ್ಲಿದೆ. ಬಯೋಸ್ ತಾರೀಖು ನೋಡಿದರೆ ಬೋರ್ಡಿನ ವಯಸ್ಸು ಅಂದಾಜಾಗುತ್ತದೆ. ರ್‍ಯಾಮ್ ಸ್ಲಾಟ್ ಎಷ್ಟು, ಖಾಲಿ ಎಷ್ಟು ಅನ್ನೋದನ್ನು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟ ಹೇಳುತ್ತದೆ. ಎರಡು ಸ್ಲಾಟ್ ಇದ್ದು ಒಂದರಲ್ಲೇ 4 ಜಿಬಿ ಇದ್ದರೆ, ಅಂಥದ್ದೇ ಇನ್ನೊಂದು ಕಡ್ಡಿಯನ್ನು ಕೆಟ್ಟು ಕೂತ ಕಂಪ್ಯೂಟರಿನಿಂದ ತೆಗೆದು ಹಾಕಬಹುದು. ಹನ್ನೆರಡರಲ್ಲಿ ಎರಡು ಮೂರನ್ನು ಬಿಚ್ಚಿ ಉಳಿದವನ್ನು ಗಟ್ಟಿ ಮಾಡೋದು ನನಗೆ ಸರಿ ಅನ್ನಿಸುತ್ತದೆ. ಡಿಡಿಆರ್3 ಕಡ್ಡಿ ಡಿಡಿಆರ್4 ಸ್ಲಾಟಿಗೆ ಕೂರಲ್ಲ, ಹಾಗಾಗಿ ನೋಟ್‌ಬುಕ್ಕಿನಲ್ಲಿ ಅದನ್ನು ತಪ್ಪದೆ ಬರೆಸಿ. ಬದಲಾಯಿಸಿ ಹಾಕಿದ ರ್‍ಯಾಮ್ ಅನ್ನು ಒಂದು ರಾತ್ರಿ ಮೆಮ್‌ಟೆಸ್ಟ್86 ಅನ್ನೋ ಪರೀಕ್ಷೆಯ ಸಾಫ್ಟ್‌ವೇರ್ ಹಚ್ಚಿ ಬಿಡಿ. ಒಂದೇ ಒಂದು ಎರರ್ ಬಂದರೂ ಆ ಕಡ್ಡಿ ಬೇಡ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಮೇಲಿನದ್ದು ಬೇಕು, ಜೊತೆಗೆ ಟಿಪಿಎಂ 2.0 (ಭದ್ರತೆಗೆ ಇರುವ ವ್ಯವಸ್ಥೆ), ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಮೈಕ್ರೋಸಾಫ್ಟ್‌ನದ್ದೇ ‘ಪಿಸಿ ಹೆಲ್ತ್ ಚೆಕ್’ ಹಾಕಿದರೆ ಆಗುತ್ತದೋ ಇಲ್ಲವೋ ಅಂತ ಒಂದೇ ಮಾತಲ್ಲಿ ಹೇಳುತ್ತದೆ. ಟಿಪಿಎಂ ಇಲ್ಲ ಅಂದ ಕೂಡಲೇ ಕೈಬಿಡಬೇಡಿ. ಬಯೋಸ್‌ನಲ್ಲಿ ಅದು ಆಫ್ ಇರುವುದು ಸಾಮಾನ್ಯ, ಇಂಟೆಲ್ ಬೋರ್ಡ್‌ನಲ್ಲಿ ಅದಕ್ಕೆ ಪಿಟಿಟಿ ಅಂತ ಹೆಸರಿರುತ್ತದೆ. ಆಗದೇ ಇರುವ ಕಂಪ್ಯೂಟರ್‌ಗಳಿಗೆ ವಿಂಡೋಸ್ ಬದಲಿಗೆ ಬಳಸುವ ಉಚಿತ ಲಿನಕ್ಸ್ ಹಾಕಿ. ಅದನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಹಾರ್ಡ್ ಡಿಸ್ಕ್ ಮುಟ್ಟೋದೂ ಬೇಡ. ಅಲ್ಲೂ ಟರ್ಮಿನಲ್ ತೆರೆದು ಎಲ್‌ಎಸ್‌ಸಿಪಿಯು (lscpu) ಅಂತ ಟೈಪ್ ಮಾಡಿ ಕೊಟ್ಟರೆ ಪ್ರೊಸೆಸರಿನ ಜಾತಕ ಬರುತ್ತದೆ.

ಸಿಸ್ಟಮ್ ಇನ್ಫರ್ಮೇಶನ್‌ನಂಥ ಪುಟದ ರಿಪೋರ್ಟ್ ಸೇವ್ ಮಾಡಿ ಯಾರಿಗಾದರೂ ಕಳಿಸುವುದಾದರೆ ಒಮ್ಮೆ ಓದಿ ಕಳಿಸಿ. ಅದರಲ್ಲಿ ಕಂಪ್ಯೂಟರಿನ ಹೆಸರು, ಸೀರಿಯಲ್ ನಂಬರ್ ಇರುತ್ತವೆ. ವಾಟ್ಸಾಪ್ ಗುಂಪಿಗೆ ಹಾಗೇ ಹಾಕೋದು ಬೇಡ.

ಪ್ರಶ್ನೆ: ಎಚ್‌ಡಬ್ಲ್ಯೂ ಇನ್ಫೋದಲ್ಲಿ +12 ವೋಲ್ಟ್ ಸಾಲು 8.1 ತೋರಿಸುತ್ತಿದೆ. ನಮ್ಮ ಹಳ್ಳಿಯಲ್ಲಿ ಕರೆಂಟ್ ಏರುಪೇರು ಜಾಸ್ತಿ. ಎಸ್‌ಎಂಪಿಎಸ್ ಹೋಯಿತಾ? ಆದರೆ ಕಂಪ್ಯೂಟರ್ ನಡೆಯುತ್ತಿದೆ.
— ಕೊಪ್ಪಳದ ಓದುಗರು

ಉತ್ತರ: ಕೊನೆಯಲ್ಲಿ ನೀವೇ ಉತ್ತರ ಬರೆದಿದ್ದೀರಿ. 12ರ ಜಾಗದಲ್ಲಿ ನಿಜಕ್ಕೂ 8 ಇದ್ದಿದ್ದರೆ ಕಂಪ್ಯೂಟರ್ ನಡೆಯುತ್ತಲೇ ಇರಲಿಲ್ಲ. ಬೋರ್ಡಿನ ಸೆನ್ಸರ್ ಚಿಪ್ಪಿಗೆ ಯಾವ ವೈರ್ ಎಲ್ಲಿ ಜೋಡಿಸಿದ್ದಾರೆ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಸಾಫ್ಟ್‌ವೇರ್ ಊಹಿಸಿ ಹೆಸರಿಡುತ್ತದೆ, ಕೆಲವು ಸಲ ಊಹೆ ತಪ್ಪುತ್ತದೆ. ಬಿಸಿ, ಡಿಸ್ಕ್, ಪ್ರೊಸೆಸರ್ ವಿಷಯದಲ್ಲಿ ನಾನು ಈ ಸಾಫ್ಟ್‌ವೇರ್‌ಗಳನ್ನು ಕಣ್ಣು ಮುಚ್ಚಿ ನಂಬುತ್ತೇನೆ ಅಂದರೂ ತಪ್ಪಿಲ್ಲ, ವೋಲ್ಟೇಜ್ ವಿಷಯದಲ್ಲಿ ನಂಬಲ್ಲ.

ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಬಯೋಸ್ ಒಳಗೆ ಹೋಗಿ. ಅಲ್ಲಿ ಹಾರ್ಡ್‌ವೇರ್ ಮಾನಿಟರ್ ಪುಟ ಇದ್ದರೆ 12ರ ಸಾಲು ನೋಡಿ, ಬೋರ್ಡ್ ಮಾಡಿದವರೇ ಬರೆದದ್ದು ಅದು. ಇನ್ನೂ ಅನುಮಾನ ಇದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಇರುವ ಮಲ್ಟಿಮೀಟರ್ ಸಾಕು. ಎಸ್‌ಎಂಪಿಎಸ್‌ನಿಂದ ಬರುವ ನಾಲ್ಕು ಪಿನ್ನಿನ ಖಾಲಿ ಕನೆಕ್ಟರ್‌ನಲ್ಲಿ ಹಳದಿ ವೈರಿಗೆ ಕೆಂಪು ಕಡ್ಡಿ, ಕಪ್ಪು ವೈರಿಗೆ ಕಪ್ಪು ಕಡ್ಡಿ. 11.4ರಿಂದ 12.6ರ ಒಳಗಿದ್ದರೆ ಸರಿ. ಕಂಪ್ಯೂಟರಿಗೆ ಕೆಲಸ ಹಚ್ಚಿಯೂ ಒಮ್ಮೆ ಅಳೆಸಿ, ಸುಮ್ನೆ ಇರುವಾಗ ಸರಿ ಇದ್ದು ಕೆಲಸ ಹೊತ್ತಾಗ ಕುಸಿಯುವ ಎಸ್‌ಎಂಪಿಎಸ್‌ಗಳೂ ಇವೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನೀವು ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಹೊಡೆಯುವಷ್ಟು ಕರೆಂಟ್ ನಿಂತಿರುತ್ತದೆ. ಎಲೆಕ್ಟ್ರಿಷಿಯನ್ ಬಂದಾಗ ಅದೇ ಮೀಟರಿನಿಂದ ಮನೆಯ ಅರ್ಥಿಂಗನ್ನೂ ನೋಡಿಸಿಬಿಡಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ನಿಮ್ಮ ಪತ್ರದ ಅಂಚಿನಲ್ಲಿ ಬರೆದಿದ್ದೀರಲ್ಲ, ನನಗೆ 8.1ಕ್ಕಿಂತ ಜಾಸ್ತಿ ಚಿಂತೆ ಆದದ್ದು ಆ ಸಾಲಿಗೆ.